ಹಳೆಯ ಎಂಜಿನ್ನಿಗೆ ಉರುಳೆ ಲಿಫ್ಟರ್: ಒಂದು ಪರಿವರ್ತನೆಯ ಕಥೆ ಮತ್ತು ವಿವರ

ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಓಡಾಡುತ್ತಿದ್ದ ಕಾಲವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. 2023ರ ಅಕ್ಟೋಬರ್ ಕೊನೆಯ ಹೊತ್ತಿಗೆ ಆ ವಾಹನಗಳು ಟ್ಯಾಕ್ಸಿ ಸೇವೆಯಿಂದ ಸಂಪೂರ್ಣವಾಗಿ ನಿವೃತ್ತಿ ಹೊಂದಿದವು. ಆದರೆ ಆ ಎಂಜಿನ್ನಿನ ‘ಟಕಟಕ’ ಸದ್ದು ಮಾತ್ರ ನೆನಪಿನಿಂದ ಮಾಸಿಲ್ಲ. ‘ಟ್ಯಾಪೆಟ್ ಸದ್ದು ಬರುತ್ತಿದೆ, ಸೆಟ್ ಮಾಡಬೇಕು’ ಎಂದು ಮೆಕ್ಯಾನಿಕ್ ಹೇಳುತ್ತಿದ್ದುದನ್ನು ಅಂದು ಕಾರು ಇಟ್ಟುಕೊಂಡಿದ್ದ ಪ್ರತಿಯೊಂದು ಮನೆಯವರೂ ಕೇಳಿರುತ್ತಾರೆ. ಆ ಟ್ಯಾಪೆಟ್‌ಗೆ ಅಮೆರಿಕದಲ್ಲಿ ಲಿಫ್ಟರ್ ಎಂಬ ಹೆಸರಿದೆ. ಕಿರುಬೆರಳಿನಷ್ಟು ಉದ್ದದ ಆ ಉಕ್ಕಿನ ತುಂಡು ಒಂದು ಇಡೀ ಎಂಜಿನ್ನನ್ನು ಹೇಗೆ ಹಾಳುಮಾಡಬಲ್ಲದು, ಅದಕ್ಕೆ ಪರಿಹಾರವೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಕಾರಣವಾದದ್ದು ಒಂದು ದೂರವಾಣಿ ಕರೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಸೋದರಳಿಯನಿಗೆ ಹಳೆಯ ವಾಹನಗಳ ಮೇಲೆ ಮಮತೆ. 1974ರ ಒಂದು ಷೆವರ್ಲೆ ಪಿಕಪ್ ಟ್ರಕ್ಕನ್ನು ಕೊಂಡು, ಎರಡು ಚಳಿಗಾಲಗಳ ಬಿಡುವಿನ ವೇಳೆಯನ್ನೆಲ್ಲ ವ್ಯಯಿಸಿ, ಅದರ ಎಂಜಿನ್ನನ್ನು ತಾನೇ ಬಿಚ್ಚಿ ಜೋಡಿಸಿದ. ಹೊಸ ಕ್ಯಾಮ್‌ಶಾಫ್ಟ್, ಹೊಸ ಲಿಫ್ಟರುಗಳು ಎಲ್ಲವೂ ಇದ್ದವು. ಎಂಜಿನ್ ಚಾಲೂ ಆದ ಸಂತೋಷದಲ್ಲಿ ನೀರು, ಎಣ್ಣೆ ಸೋರುತ್ತಿದೆಯೇ ಎಂದು ನೋಡಲು ಅದನ್ನು ಹತ್ತು ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಟ್ಟ. ಒಂದು ವಾರದೊಳಗೆ ಎಂಜಿನ್ನಿನಲ್ಲಿ ಅಪಸ್ವರ ಹುಟ್ಟಿತು. ಬಿಚ್ಚಿ ನೋಡಿದರೆ ಕ್ಯಾಮ್‌ಶಾಫ್ಟಿನ ಎರಡು ಉಬ್ಬುಗಳು ಸವೆದು ದುಂಡಗಾಗಿದ್ದವು. ಎರಡು ವರ್ಷದ ಶ್ರಮ ಹತ್ತು ನಿಮಿಷದಲ್ಲಿ ಹೋಯಿತು. ಯಂತ್ರಶಾಲೆಯಲ್ಲಿ ಬದುಕು ಸವೆಸಿ ನಿವೃತ್ತನಾದ ನನ್ನನ್ನು ಅವನು ಕೇಳಿದ ಪ್ರಶ್ನೆ ಇದು: ‘ಮಾವ, ಮತ್ತೆ ಅದೇ ಬಗೆಯ ಕ್ಯಾಮ್ ಹಾಕಲೇ, ಅಥವಾ ಉರುಳೆಯ ಲಿಫ್ಟರಿಗೆ ಬದಲಾಯಿಸಲೇ?’

ಲಿಫ್ಟರ್ ಮಾಡುವ ಕೆಲಸ

ಮೊದಲು ಎಂಜಿನ್ನಿನ ಪರಿಚಯ. ಷೆವರ್ಲೆ ಕಂಪನಿಯು 1955ರಲ್ಲಿ ಹೊರತಂದ ‘ಸ್ಮಾಲ್ ಬ್ಲಾಕ್’ ಎಂಬ ಎಂಟು ಸಿಲಿಂಡರುಗಳ ವಿ ಆಕಾರದ ಎಂಜಿನ್ ಅಮೆರಿಕದ ವಾಹನ ಚರಿತ್ರೆಯಲ್ಲಿ ಬಹು ದೀರ್ಘಕಾಲ ಬಾಳಿದ ವಿನ್ಯಾಸಗಳಲ್ಲೊಂದು. ಮೊದಲು 265 ಘನ ಅಂಗುಲದ ಗಾತ್ರದಲ್ಲಿ ಬಂದ ಇದು 1967ರಲ್ಲಿ 350 ಘನ ಅಂಗುಲಕ್ಕೆ, ಅಂದರೆ ಸುಮಾರು 5.7 ಲೀಟರಿಗೆ ಬೆಳೆಯಿತು. ಸೋದರಳಿಯನ ಟ್ರಕ್ಕಿನಲ್ಲಿ ಇದ್ದದ್ದು ಈ 350.

ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲೆ ಹೆಡ್ಡಿನಲ್ಲಿ ಇರುವುದಿಲ್ಲ. ಬ್ಲಾಕಿನ ನಡುವೆ, ಎರಡು ಸಾಲು ಸಿಲಿಂಡರುಗಳ ಮಧ್ಯದ ಕಣಿವೆಯ ಕೆಳಗೆ ಇರುತ್ತದೆ. ಅದರ ಮೇಲೆ ಹದಿನಾರು ಮೊಟ್ಟೆಯಾಕಾರದ ಉಬ್ಬುಗಳಿವೆ. ಉಬ್ಬು ತಿರುಗಿದಾಗ ಅದರ ಮೇಲೆ ಕುಳಿತ ಲಿಫ್ಟರ್ ಮೇಲೇಳುತ್ತದೆ. ಲಿಫ್ಟರ್ ಪುಶ್‌ರಾಡ್ ಎಂಬ ಉದ್ದನೆಯ ಸಲಾಕೆಯನ್ನು ನೂಕುತ್ತದೆ. ಸಲಾಕೆ ರಾಕರ್ ಎಂಬ ಸನ್ನೆಯನ್ನು ತೂಗಿಸುತ್ತದೆ. ರಾಕರ್ ಕವಾಟವನ್ನು ಒತ್ತಿ ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದು ಸುತ್ತು ಸುತ್ತುತ್ತದೆ. ನಮ್ಮ ಪದ್ಮಿನಿಯಲ್ಲಿಯೂ 1489 ಸಿಸಿಯ ಹಳೆಯ ಅಂಬಾಸಡರಿನಲ್ಲಿಯೂ ಇದ್ದದ್ದು ಇದೇ ಏರ್ಪಾಡು, ನಾಲ್ಕು ಸಿಲಿಂಡರುಗಳ ಅಳತೆಯಲ್ಲಿ.

ಚಪ್ಪಟೆ ತಳದ ಗುಟ್ಟು

ಹಳೆಯ ಲಿಫ್ಟರಿನ ತಳ ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಅತ್ಯಲ್ಪವಾಗಿ ಉಬ್ಬಿರುತ್ತದೆ. ಅದಕ್ಕೆ ಸರಿಯಾಗಿ ಕ್ಯಾಮಿನ ಉಬ್ಬಿನ ಮೈಯನ್ನು ಅಂಗುಲದ ಸಾವಿರದ ಒಂದೆರಡು ಭಾಗದಷ್ಟು ಓರೆಯಾಗಿ ಅರೆದಿರುತ್ತಾರೆ. ಹೀಗಾಗಿ ಎರಡೂ ತಾಗುವ ಜಾಗ ಲಿಫ್ಟರಿನ ನಡುಮಧ್ಯದಲ್ಲಿರದೆ ಸ್ವಲ್ಪ ಪಕ್ಕದಲ್ಲಿರುತ್ತದೆ. ಪ್ರತಿ ಉಜ್ಜಿಗೂ ಲಿಫ್ಟರ್ ತನ್ನ ಗೂಡಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುಗುತ್ತದೆ. ತಿರುಗುವುದರಿಂದ ಸವೆತ ಒಂದೇ ಕಡೆ ಬೀಳದೆ ತಳದ ಮೈಗೆಲ್ಲ ಹಂಚಿಹೋಗುತ್ತದೆ. ಯಾವುದೋ ಕಾರಣದಿಂದ ತಿರುಗುವುದು ನಿಂತಿತೆಂದರೆ, ಒಂದೇ ಗೆರೆಯ ಮೇಲೆ ಕಬ್ಬಿಣ ಕಬ್ಬಿಣವನ್ನು ಅರೆಯಲಾರಂಭಿಸುತ್ತದೆ. ಮುಂದೆ ಎಂಜಿನ್ ಉಳಿಯುವುದು ಬಹಳ ಹೊತ್ತಲ್ಲ.

ಹೊಸ ಕ್ಯಾಮಿಗೆ ಮೊದಲ ಅರ್ಧಗಂಟೆ ನಿರ್ಣಾಯಕ. ಎಂಜಿನ್ ಚಾಲೂ ಆದೊಡನೆ ಅದನ್ನು ನಿಮಿಷಕ್ಕೆ ಸುಮಾರು 2000ದಿಂದ 2500 ಸುತ್ತುಗಳ ವೇಗದಲ್ಲಿ, ವೇಗವನ್ನು ಕೊಂಚ ಏರಿಸುತ್ತ ಇಳಿಸುತ್ತ, ಇಪ್ಪತ್ತರಿಂದ ಮೂವತ್ತು ನಿಮಿಷ ಓಡಿಸಬೇಕು. ಕ್ಯಾಮ್ ಉಬ್ಬುಗಳಿಗೆ ಎಣ್ಣೆ ಮುಖ್ಯವಾಗಿ ಸಿಗುವುದು ಕ್ರ್ಯಾಂಕ್‌ಶಾಫ್ಟ್ ಚಿಮ್ಮಿಸುವ ಎರಚಲಿನಿಂದ. ನಿಧಾನ ವೇಗದಲ್ಲಿ ಎರಚಲು ಕಡಿಮೆ. ಮೇಲಾಗಿ, ನಿಧಾನ ವೇಗದಲ್ಲಿ ಉಬ್ಬಿನ ತುದಿಯ ಮೇಲೆ ಸ್ಪ್ರಿಂಗಿನ ಪೂರ್ತಿ ಭಾರ ಬೀಳುತ್ತದೆ. ವೇಗ ಹೆಚ್ಚಿದಂತೆ ಲಿಫ್ಟರಿನ ಚಲನೆಯ ಆವೇಗವೇ ಆ ಭಾರದ ಒಂದು ಪಾಲನ್ನು ಹಗುರಗೊಳಿಸುತ್ತದೆ. ಸೋದರಳಿಯ ಎಚ್ಚರಿಕೆಯಿಂದಲೇ ನಿಧಾನವಾಗಿ ಓಡಿಸಿದ್ದ. ಆ ಎಚ್ಚರಿಕೆಯೇ ಅವನಿಗೆ ಮುಳುವಾಯಿತು.

ಎಣ್ಣೆಯಲ್ಲಿ ಆದ ಬದಲಾವಣೆ

ಇನ್ನೊಂದು ಕಾರಣವೂ ಇದೆ. ಉಬ್ಬು ಮತ್ತು ಲಿಫ್ಟರಿನ ನಡುವಿನ ಒತ್ತಡದಲ್ಲಿ ಎಣ್ಣೆಯ ಪದರ ಹಿಂಡಿಹೋಗುತ್ತದೆ. ಅಂಥ ಜಾಗದಲ್ಲಿ ಲೋಹವನ್ನು ಕಾಯುವುದು ಸತು ಮತ್ತು ರಂಜಕವನ್ನೊಳಗೊಂಡ ಒಂದು ಸಂಯುಕ್ತ. ಅದರ ಸಂಕ್ಷಿಪ್ತ ಹೆಸರು ಝಡ್‌ಡಿಡಿಪಿ. 1940ರ ದಶಕದಿಂದ ಎಂಜಿನ್ ಎಣ್ಣೆಗಳಲ್ಲಿ ಬಳಕೆಯಲ್ಲಿರುವ ಇದು ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಾಗ ಲೋಹದ ಮೇಲೆ ತೆಳ್ಳಗಿನ ಲೇಪವಾಗಿ ಕೂರುತ್ತದೆ. ಲೋಹದ ಬದಲು ಆ ಲೇಪ ಸವೆಯುತ್ತದೆ.

ಆದರೆ ಉರಿದುಹೋದ ಎಣ್ಣೆಯ ರಂಜಕವು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ವಿಷವಿದ್ದಂತೆ. ಆದಕಾರಣ ಪೆಟ್ರೋಲ್ ಕಾರುಗಳ ಎಣ್ಣೆಯಲ್ಲಿ ರಂಜಕದ ಮಿತಿಯನ್ನು ಹಂತಹಂತವಾಗಿ ಇಳಿಸಲಾಯಿತು. 1990ರ ದಶಕದ ಆರಂಭದಲ್ಲಿ ಶೇಕಡ 0.12 ಇದ್ದ ಮಿತಿ ಅದೇ ದಶಕದ ಮಧ್ಯದಲ್ಲಿ 0.10ಕ್ಕೂ, 2004ರ ಮಾನದಂಡದೊಂದಿಗೆ 0.08ಕ್ಕೂ ಇಳಿಯಿತು. ಗಾಳಿಯ ಶುದ್ಧತೆಗೆ ಇದು ಒಳ್ಳೆಯದೇ. ಉರುಳೆ ಲಿಫ್ಟರ್ ಇರುವ ಹೊಸ ಎಂಜಿನ್ನುಗಳಿಗೆ ಇದರಿಂದ ಬಾಧೆಯಿಲ್ಲ. ಬಾಧೆ ತಟ್ಟಿದ್ದು ಚಪ್ಪಟೆ ತಳದ ಲಿಫ್ಟರ್ ಇಟ್ಟುಕೊಂಡ ಹಳೆಯ ಎಂಜಿನ್ನುಗಳಿಗೆ. ಸೋದರಳಿಯ ಅಂಗಡಿಯಿಂದ ತಂದು ಹಾಕಿದ್ದು ಇಂದಿನ ಕಾರುಗಳಿಗೆ ಮಾಡಿದ ಉತ್ತಮ ದರ್ಜೆಯ ಎಣ್ಣೆ. ಎಣ್ಣೆ ಒಳ್ಳೆಯದೇ ಆಗಿತ್ತು, ಅವನ ಎಂಜಿನ್ನಿಗೆ ತಕ್ಕುದಾಗಿರಲಿಲ್ಲ ಅಷ್ಟೆ.

ಉರುಳೆ ಏಕೆ ಮೇಲು?

ಭಾರವಾದ ಮರದ ದಿಮ್ಮಿಯನ್ನು ನೆಲದ ಮೇಲೆ ಎಳೆಯುವುದಕ್ಕೂ ಉರುಳಿಸುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಉರುಳೆ ಲಿಫ್ಟರಿನ ತಳದಲ್ಲಿ ಸೂಜಿಯಂಥ ಸಣ್ಣ ಬೇರಿಂಗುಗಳ ಮೇಲೆ ತಿರುಗುವ ಪುಟ್ಟ ಉಕ್ಕಿನ ಗಾಲಿ ಇರುತ್ತದೆ. ಅದು ಉಬ್ಬಿನ ಮೇಲೆ ಉಜ್ಜುವುದಿಲ್ಲ, ಉರುಳುತ್ತದೆ. ಘರ್ಷಣೆ ಕಡಿಮೆಯಾಗುತ್ತದೆ, ಇಂಧನ ಉಳಿಯುತ್ತದೆ. ಈ ಉಳಿತಾಯಕ್ಕಾಗಿಯೇ ಫೋರ್ಡ್ ಕಂಪನಿ 1985ರಲ್ಲಿ ತನ್ನ ಮಸ್ಟ್ಯಾಂಗ್ ಕಾರಿನ 5.0 ಲೀಟರ್ ಎಂಜಿನ್ನಿಗೂ, ಷೆವರ್ಲೆ 1987ರಲ್ಲಿ ತನ್ನ ಸ್ಮಾಲ್ ಬ್ಲಾಕಿಗೂ ಕಾರ್ಖಾನೆಯಲ್ಲಿಯೇ ಉರುಳೆ ಲಿಫ್ಟರುಗಳನ್ನು ಅಳವಡಿಸತೊಡಗಿದವು.

ಎರಡನೆಯ ಲಾಭ ಸೂಕ್ಷ್ಮವಾದುದು. ಚಪ್ಪಟೆ ಲಿಫ್ಟರನ್ನು ಎಷ್ಟು ಬೇಗ ಎತ್ತಬಹುದು ಎಂಬುದಕ್ಕೆ ಅದರ ಅಗಲವೇ ಮಿತಿ. ಎತ್ತುವ ವೇಗ ಹೆಚ್ಚಿದಷ್ಟೂ ಉಬ್ಬು ತಾಗುವ ಜಾಗ ಲಿಫ್ಟರಿನ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ; ಅಂಚನ್ನು ಮೀರಿದರೆ ಅಂಚೇ ಉಳಿಯಂತೆ ಉಬ್ಬನ್ನು ಕೆತ್ತುತ್ತದೆ. ಷೆವರ್ಲೆಯ ಲಿಫ್ಟರಿನ ವ್ಯಾಸ 0.842 ಅಂಗುಲ, ಫೋರ್ಡಿನದು ಸುಮಾರು 0.875, ಕ್ರೈಸ್ಲರಿನದು 0.904. ಮೂರರಲ್ಲಿ ಷೆವರ್ಲೆಯದೇ ಕಿರಿದು, ಆದ್ದರಿಂದ ನಿರ್ಬಂಧವೂ ಅದಕ್ಕೇ ಹೆಚ್ಚು. ಉರುಳೆಗೆ ಈ ಅಂಚಿನ ಕಟ್ಟಿಲ್ಲ. ಕವಾಟವನ್ನು ಬೇಗ ತೆರೆದು ಬೇಗ ಮುಚ್ಚಬಹುದು. ನಿಧಾನ ವೇಗದಲ್ಲಿ ಎಂಜಿನ್ ಸೌಮ್ಯವಾಗಿದ್ದೂ ಹೆಚ್ಚು ಬಲ ಕೊಡಬಲ್ಲದು.

ಹಳೆಯ ಬ್ಲಾಕಿನ ತೊಡಕುಗಳು

ಹಾಗಾದರೆ ಲಿಫ್ಟರ್ ತೆಗೆದು ಲಿಫ್ಟರ್ ಹಾಕಿದರೆ ಮುಗಿಯಿತಲ್ಲ ಎಂದು ತೋರಬಹುದು. ಹಾಗಿಲ್ಲ. ಒಂದನ್ನು ಬದಲಾಯಿಸಿದರೆ ಅದರ ಹಿಂದೆ ಆರು ಬದಲಾಗಬೇಕಾಗುತ್ತದೆ.

ಮೊದಲನೆಯದು, ಲಿಫ್ಟರ್ ತಿರುಗದಂತೆ ತಡೆಯುವುದು. ಚಪ್ಪಟೆ ಲಿಫ್ಟರ್ ತಿರುಗಲೇಬೇಕು. ಉರುಳೆ ಲಿಫ್ಟರ್ ತಿರುಗಲೇಬಾರದು. ತೇರಿನ ಗಾಲಿ ಅಡ್ಡ ತಿರುಗಿದರೆ ತೇರು ಮುಂದೆ ಸಾಗೀತೇ? 1987ರ ನಂತರದ ಬ್ಲಾಕುಗಳಲ್ಲಿ ಲಿಫ್ಟರಿನ ಗೂಡುಗಳು ಎತ್ತರವಾಗಿವೆ. ಎರಡೆರಡು ಲಿಫ್ಟರುಗಳನ್ನು ನಾಯಿಮೂಳೆಯಾಕಾರದ ಒಂದು ತಗಡು ಹಿಡಿದಿರುತ್ತದೆ. ಆ ತಗಡುಗಳನ್ನೆಲ್ಲ ಜೇಡದಂತೆ ಕಾಲು ಚಾಚಿದ ಸ್ಪ್ರಿಂಗ್ ಪಟ್ಟಿಯೊಂದು ಒತ್ತಿ ಹಿಡಿಯುತ್ತದೆ. ಹಳೆಯ ಬ್ಲಾಕಿನಲ್ಲಿ ಆ ಎತ್ತರವೂ ಇಲ್ಲ, ಪಟ್ಟಿಯನ್ನು ಬಿಗಿಯುವ ಜಾಗವೂ ಇಲ್ಲ. ಆದ್ದರಿಂದ ಹಳೆಯ ಬ್ಲಾಕಿಗೆಂದೇ ಮಾಡಿದ ಜೋಡಿ ಲಿಫ್ಟರುಗಳನ್ನು ಬಳಸಬೇಕು. ಇವುಗಳಲ್ಲಿ ಎರಡು ಲಿಫ್ಟರುಗಳನ್ನು ಒಂದು ಅಡ್ಡಪಟ್ಟಿ ಬೆಸೆದಿರುತ್ತದೆ. ಪ್ರತಿಯೊಂದೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಬಲ್ಲದು, ಆದರೆ ಒಂದು ಇನ್ನೊಂದನ್ನು ತಿರುಗಗೊಡದು. ಬ್ಲಾಕಿನಲ್ಲಿ ಏನನ್ನೂ ಕೊರೆಯಬೇಕಾಗಿಲ್ಲ. ಪಟ್ಟಿ ಎತ್ತ ಮುಖಮಾಡಿರಬೇಕು ಎಂಬುದನ್ನು ತಯಾರಕರ ಸೂಚನೆಯಂತೆಯೇ ಪಾಲಿಸಬೇಕು.

ಎರಡನೆಯದು, ಕ್ಯಾಮ್‌ಶಾಫ್ಟ್ ಹಿಂದೆ ಮುಂದೆ ಜಾರುವುದು. ಹಳೆಯ ಕ್ಯಾಮಿನ ಓರೆ ಉಬ್ಬುಗಳು ಲಿಫ್ಟರನ್ನು ತಿರುಗಿಸುವುದಲ್ಲದೆ ಇನ್ನೊಂದು ಉಪಕಾರವನ್ನೂ ಮಾಡುತ್ತಿದ್ದವು: ಕ್ಯಾಮನ್ನು ಸದಾ ಹಿಂದಕ್ಕೆ ಒತ್ತಿ ಹಿಡಿಯುತ್ತಿದ್ದವು. ಉರುಳೆ ಕ್ಯಾಮಿನ ಉಬ್ಬುಗಳಿಗೆ ಓರೆಯಿಲ್ಲ, ಅದನ್ನು ಹಿಡಿಯುವವರಿಲ್ಲ. ಕ್ಯಾಮ್ ಮುಂದೆ ಸರಿದರೆ ಉರುಳೆ ಪಕ್ಕದ ಉಬ್ಬಿಗೆ ತಾಗಬಹುದು. ಡಿಸ್ಟ್ರಿಬ್ಯೂಟರಿನ ಹಲ್ಲುಗಾಲಿ ಓರೆ ಹಲ್ಲಿನದಾದ್ದರಿಂದ ಕಿಡಿ ಹಾರುವ ಸಮಯವೂ ಏರುಪೇರಾಗುತ್ತದೆ. ಹೊಸ ಬ್ಲಾಕುಗಳಲ್ಲಿ ಇದಕ್ಕೆ ತಡೆಹಲಗೆ ಇದೆ. ಹಳೆಯದರಲ್ಲಿ ಕ್ಯಾಮಿನ ಮೂತಿಗೂ ಮುಂದಿನ ಮುಚ್ಚಳಕ್ಕೂ ನಡುವೆ ಗುಂಡಿಯಂಥ ಒಂದು ತುಂಡನ್ನು ಇಡಬೇಕು. ಅಲ್ಲಿ ಬಿಡಬೇಕಾದ ಸಂದು ಅಂಗುಲದ ಸಾವಿರದ 5ರಿಂದ 10 ಭಾಗ ಮಾತ್ರ. ತೆಳು ತಗಡಿನ ಮೂಲ ಮುಚ್ಚಳ ಈ ಒತ್ತಡಕ್ಕೆ ಬಾಗುವುದರಿಂದ, ಎರಕದ ಗಟ್ಟಿ ಮುಚ್ಚಳವನ್ನಾಗಲಿ ಒಳಗಿನಿಂದ ಬಲಪಡಿಸಿದ ಮುಚ್ಚಳವನ್ನಾಗಲಿ ಹಾಕುವುದು ಕ್ಷೇಮ.

ಮೂರನೆಯದು ಹಲ್ಲುಗಾಲಿ. ಉರುಳೆ ಕ್ಯಾಮನ್ನು ಸಾಮಾನ್ಯವಾಗಿ ಎರಕದ ಕಬ್ಬಿಣದ ಬದಲು ಗಟ್ಟಿ ಉಕ್ಕಿನಿಂದ ಮಾಡಿರುತ್ತಾರೆ. ಅದರೊಡನೆ ಹಳೆಯ ಡಿಸ್ಟ್ರಿಬ್ಯೂಟರಿನ ಕಬ್ಬಿಣದ ಹಲ್ಲುಗಾಲಿ ಕೂಡಿದರೆ ಬೇಗ ಸವೆಯುತ್ತದೆ. ಕಂಚಿನ ಹಲ್ಲುಗಾಲಿ ಕ್ಯಾಮಿಗೆ ಹಾನಿ ಮಾಡದು, ಆದರೆ ತಾನು ಸವೆಯುತ್ತದೆ, ಆಗಾಗ ಬದಲಾಯಿಸಬೇಕು. ನಿತ್ಯ ಓಡಿಸುವ ವಾಹನಕ್ಕೆ ಸಂಸ್ಕರಿಸಿದ ಉಕ್ಕಿನದು ಅಥವಾ ಸಂಯುಕ್ತ ವಸ್ತುವಿನದು ಮೇಲು. ಕೆಲವು ಕ್ಯಾಮುಗಳಿಗೆ ಕಬ್ಬಿಣದ ಹಲ್ಲನ್ನೇ ಬೇರೆಯಾಗಿ ಕೂರಿಸಿರುತ್ತಾರೆ. ಕೊಳ್ಳುವ ಮುನ್ನ ವಿಚಾರಿಸಬೇಕು. ಹಳೆಯ ಟ್ರಕ್ಕಿನ ಪೆಟ್ರೋಲ್ ಪಂಪನ್ನು ಕ್ಯಾಮೇ ನಡೆಸುವುದರಿಂದ, ಅದರ ಸಲಾಕೆಗೂ ಕಂಚಿನ ತುದಿಯುಳ್ಳದ್ದನ್ನು ಹಾಕಬೇಕು.

ನಾಲ್ಕನೆಯದು ಪುಶ್‌ರಾಡ್. ಉರುಳೆ ಲಿಫ್ಟರ್ ಎತ್ತರವಾಗಿರುವುದರಿಂದ ಹಳೆಯ 7.8 ಅಂಗುಲದ ಸಲಾಕೆ ಹಿಡಿಸುವುದಿಲ್ಲ, ಬಹುಮಟ್ಟಿಗೆ 7.2ರಿಂದ 7.3 ಅಂಗುಲದ್ದು ಬೇಕಾಗುತ್ತದೆ. ಅಂದಾಜಿನಿಂದ ಕೊಳ್ಳಬಾರದು. ಉದ್ದವನ್ನು ಹೆಚ್ಚು ಕಡಿಮೆ ಮಾಡಬಲ್ಲ ಅಳತೆಯ ಸಲಾಕೆಯನ್ನಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಿ, ರಾಕರಿನ ಗುರುತು ಕವಾಟದ ತುದಿಯ ನಡುವಿನಲ್ಲಿ ಕಿರಿದಾಗಿ ಬೀಳುವಂತೆ ನೋಡಿ, ಆ ಬಳಿಕ ಉದ್ದವನ್ನು ನಿಶ್ಚಯಿಸಬೇಕು.

ಐದನೆಯದು ಸ್ಪ್ರಿಂಗ್. ಉರುಳೆ ಲಿಫ್ಟರಿನ ತೂಕ ಹೆಚ್ಚು, ಅದನ್ನು ಎತ್ತುವ ವೇಗವೂ ಹೆಚ್ಚು. ಹಳೆಯ ಸ್ಪ್ರಿಂಗಿಗೆ ಅದನ್ನು ಉಬ್ಬಿನ ಮೇಲೆ ಒತ್ತಿ ಹಿಡಿಯುವ ಶಕ್ತಿ ಸಾಲದು. ಕ್ಯಾಮ್ ತಯಾರಕರು ಹೇಳಿದ ಸ್ಪ್ರಿಂಗನ್ನೇ ಹಾಕಿ, ಕವಾಟ ಪೂರ್ತಿ ತೆರೆದಾಗ ಅದರ ಸುರುಳಿಗಳು ಒಂದಕ್ಕೊಂದು ತಾಗದಂತೆಯೂ, ಕವಾಟ ಪಿಸ್ಟನ್ನಿಗೆ ಬಡಿಯದಂತೆಯೂ ಸಂದನ್ನು ಅಳೆಯಬೇಕು.

ಆರನೆಯದು ರಾಕರಿನ ಮೊಳೆ. ಹಳೆಯ ಹೆಡ್ಡುಗಳಲ್ಲಿ ಅವನ್ನು ಒತ್ತಿ ಕೂರಿಸಿರುತ್ತಾರೆ. ಬಲವಾದ ಸ್ಪ್ರಿಂಗಿಗೆ ಅವು ಮೇಲಕ್ಕೆ ಕಿತ್ತುಬರಬಹುದು. ಅವುಗಳ ಜಾಗದಲ್ಲಿ ತಿರುಪಿನ ಮೊಳೆಗಳನ್ನು ಕೂರಿಸಿಕೊಳ್ಳುವುದು ಬುದ್ಧಿವಂತಿಕೆ.

ಮೊದಲು ಶುಚಿ, ಆಮೇಲೆ ಜೋಡಣೆ

ಇಷ್ಟೆಲ್ಲವನ್ನು ತರುವ ಮುನ್ನ ಮಾಡಲೇಬೇಕಾದ ಒಂದು ಕೆಲಸವಿದೆ, ಅವಸರದವರು ಬಿಟ್ಟುಬಿಡುವುದೂ ಅದನ್ನೇ. ಸವೆದ ಉಬ್ಬಿನ ಕಬ್ಬಿಣ ಎಲ್ಲಿ ಹೋಯಿತು? ನುಣ್ಣನೆಯ ಪುಡಿಯಾಗಿ ಎಣ್ಣೆಯೊಡನೆ ಇಡೀ ಎಂಜಿನ್ನಿನಲ್ಲಿ ಸುತ್ತಿ, ಬೇರಿಂಗುಗಳ ಮೆತ್ತನೆಯ ಮೈಯಲ್ಲಿ ಹುದುಗಿ, ಎಣ್ಣೆಯ ದಾರಿಗಳಲ್ಲಿ ಕೂತಿರುತ್ತದೆ. ಬ್ಲಾಕನ್ನು ಬರಿದುಮಾಡಿ, ಎಣ್ಣೆದಾರಿಗಳ ಬಿರಡೆಗಳನ್ನು ತೆಗೆದು, ಬ್ರಷ್ಷಿನಿಂದ ತೊಳೆದು, ಬೇರಿಂಗುಗಳನ್ನು ಬದಲಾಯಿಸದೆ ಹೊಸ ಕ್ಯಾಮ್ ಹಾಕಿದರೆ, ಸೂಜಿ ಬೇರಿಂಗಿನ ದುಬಾರಿ ಲಿಫ್ಟರುಗಳಿಗೆ ಆ ಪುಡಿಯೇ ಮೊದಲ ಊಟವಾಗುತ್ತದೆ. ಸೋದರಳಿಯನಿಗೆ ನಾನು ಒತ್ತಿ ಹೇಳಿದ ಮಾತು ಇದೊಂದೇ. ಕೇಳಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಎರಡು ಚಳಿಗಾಲಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡು ಎಂದು ಹೇಳಿದಂತೆಯೇ ಆಗಿತ್ತು.

ಯಾವುದು ಯಾರಿಗೆ?

ಅವನ ಮುಂದೆ ಮೂರು ದಾರಿಗಳಿದ್ದವು. ಒಂದು, ಮತ್ತೆ ಚಪ್ಪಟೆ ಲಿಫ್ಟರನ್ನೇ ಹಾಕಿ, ಸತು ಹೆಚ್ಚಿರುವ ಎಣ್ಣೆಯೊಡನೆ ಮೊದಲ ಅರ್ಧಗಂಟೆಯನ್ನು ಕ್ರಮವಾಗಿ ನಡೆಸುವುದು. ಇದು ಎಲ್ಲಕ್ಕಿಂತ ಅಗ್ಗ. ಶ್ರದ್ಧೆಯಿಂದ ಮಾಡಿದರೆ ದಶಕಗಳ ಕಾಲ ಬಾಳುತ್ತದೆ. ಎರಡು, ಮೇಲೆ ವಿವರಿಸಿದ ಪರಿವರ್ತನೆ. ಇದರ ವೆಚ್ಚ ಮೊದಲನೆಯದರ ಹಲವು ಪಟ್ಟು. ಮೂರು, 1987ರ ನಂತರದ ಉರುಳೆ ಬ್ಲಾಕನ್ನೇ ಹಳೆಯ ಸಾಮಾನಿನ ಅಂಗಳದಿಂದ ತರುವುದು. ಇದು ಜಾಣತನವೇ, ಆದರೆ 1986ರಿಂದ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಎಣ್ಣೆತಡೆ ಬೇರೆ ವಿಧದ್ದಾದ್ದರಿಂದ ಹಳೆಯ ಕ್ರ್ಯಾಂಕ್ ನೇರವಾಗಿ ಹೊಂದದು. ಅಲ್ಲದೆ ಟ್ರಕ್ಕುಗಳಿಗೆ ಹೋದ ಕೆಲವು ಬ್ಲಾಕುಗಳಲ್ಲಿ ಪಟ್ಟಿ ಬಿಗಿಯುವ ತೂತುಗಳನ್ನು ಕೊರೆದಿರುವುದಿಲ್ಲ.

ಉರುಳೆಯೆಂದರೆ ಅಮರವೆಂದೂ ತಿಳಿಯಬಾರದು. ಸೂಜಿ ಬೇರಿಂಗ್ ಮುರಿದರೆ ಅದರ ಚೂರುಗಳು ಎಂಜಿನ್ನಿನೊಳಗೆ ಚೆಲ್ಲಾಡುತ್ತವೆ, ಗಾಲಿ ನಿಂತು ಕ್ಯಾಮನ್ನು ಕೆರೆಯುತ್ತದೆ. ಎಣ್ಣೆ ಶುಚಿಯಾಗಿರಬೇಕು, ಸ್ಪ್ರಿಂಗ್ ಸರಿಯಾಗಿರಬೇಕು. ಆದರೆ ಮೊದಲ ಅರ್ಧಗಂಟೆಯ ಅಗ್ನಿಪರೀಕ್ಷೆ ಇದಕ್ಕಿಲ್ಲ. ಅಂಗಡಿಯಲ್ಲಿ ಸಿಗುವ ಇಂದಿನ ಎಣ್ಣೆಗೂ ಇದು ಹೊಂದಿಕೊಳ್ಳುತ್ತದೆ. ಆ ಟ್ರಕ್ಕನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದ ಸೋದರಳಿಯ ಎರಡನೆಯ ದಾರಿಯನ್ನೇ ಹಿಡಿದ. ಎಂಜಿನ್ನನ್ನು ಮತ್ತೆ ಪೂರ್ತಿ ಬಿಚ್ಚಿ, ತೊಳೆದು, ಮೂರನೆಯ ಚಳಿಗಾಲವನ್ನೂ ಅದಕ್ಕೇ ಕೊಟ್ಟ. ವಸಂತದಲ್ಲಿ ಒಂದು ಬೆಳಿಗ್ಗೆ ಅವನಿಂದ ಕರೆ ಬಂತು. ಮಾತೇನೂ ಇರಲಿಲ್ಲ, ದೂರವಾಣಿಯನ್ನು ಎಂಜಿನ್ನಿನ ಬಳಿ ಹಿಡಿದಿದ್ದ. ಟಕಟಕ ಸದ್ದಿಲ್ಲದ ಸಮನಾದ ಗುನುಗು ಕೇಳಿಸಿತು.

ನಮ್ಮ ಮನೆಯ ಹಳೆಯ ಕಾರಿಗೆ

ಕೊನೆಯದಾಗಿ, ತಂದೆಯವರ ಕಾಲದ ಪದ್ಮಿನಿಯನ್ನೋ ಅಂಬಾಸಡರನ್ನೋ ಪ್ರೀತಿಯಿಂದ ಕಾಪಾಡಿಕೊಂಡಿರುವ ಓದುಗರಿಗೆ ಒಂದು ಮಾತು. ಆ ಎಂಜಿನ್ನುಗಳೂ ಚಪ್ಪಟೆ ತಳದ ಟ್ಯಾಪೆಟ್ಟಿನವೇ. ಅವುಗಳಿಗೆ ಉರುಳೆಯ ಗೋಜು ಬೇಡ. ಸ್ಪ್ರಿಂಗುಗಳು ಸೌಮ್ಯವಾಗಿರುವುದರಿಂದ ಕ್ಯಾಮಿನ ಮೇಲೆ ಬೀಳುವ ಭಾರವೂ ಕಡಿಮೆ. ಎಣ್ಣೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಮೇಲೆ ಹೇಳಿದ ರಂಜಕದ ಮಿತಿ ಅನ್ವಯಿಸುವುದು 5ಡಬ್ಲ್ಯು-30ರಂಥ ತೆಳು ದರ್ಜೆಗಳಿಗೆ. ಈ ಕಾರುಗಳಿಗೆ ನಾವು ರೂಢಿಯಿಂದ ಹಾಕುತ್ತ ಬಂದಿರುವ 20ಡಬ್ಲ್ಯು-50 ದರ್ಜೆಗೆ ಆ ಮಿತಿ ಕಡ್ಡಾಯವಲ್ಲ. ‘ಹೊಸ ಎಣ್ಣೆ ಹೆಚ್ಚು ಬೆಲೆಯದು, ಆದ್ದರಿಂದ ಹೆಚ್ಚು ಒಳ್ಳೆಯದು’ ಎಂದು ತೆಳು ಎಣ್ಣೆಗೆ ಬದಲಾಯಿಸುವ ಮುನ್ನ ಅದರ ವಿವರಪತ್ರದಲ್ಲಿ ಸತು ಮತ್ತು ರಂಜಕದ ಪ್ರಮಾಣವನ್ನು ನೋಡಿ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಇಂದಿನ ಕಾರಿಗಾದರೋ ತಯಾರಕರು ಹೇಳಿದ ಎಣ್ಣೆಯೇ ಸರಿ.

ಕ್ಯಾಮ್ ಅಥವಾ ಟ್ಯಾಪೆಟ್ ಬದಲಾಯಿಸಿದ ದಿನ ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು, ಮೊದಲ ಅರ್ಧಗಂಟೆ ಎಂಜಿನ್ನನ್ನು ನಿಧಾನವಾಗಿ ಓಡಲು ಬಿಡಬೇಡಿರೆಂದು ವಿನಯದಿಂದ ತಿಳಿಸಿ. ಒಂದು ಮಾತಿನಿಂದ ಉಳಿಯುವ ಎಂಜಿನ್ನಿನೊಡನೆ ಒಂದು ಮನೆಯ ನೆನಪೂ ಉಳಿಯುತ್ತದೆ.